ಕಡಿದ ನರ ಬೆಳೆಯುವುದನ್ನು ಕಾಯುತ್ತ

ನಾನು ಪೆನ್ಷನ್ ಪಡೆದು ಮನೆಯಲ್ಲಿ ಕೂತ ಮೇಲೆ, ಡಾಕ್ಟರಿಕೆ ಓದಿ ಬಂದ ಹೊಸಬರು ಆಗಾಗ ನನ್ನ ಬಳಿ ಬರುತ್ತಾರೆ. "ಕರೆಂಟಿಲ್ಲ, ಪ್ರಯೋಗಶಾಲೆ ಇಲ್ಲ, ತಾಲೂಕು ದವಾಖಾನೆಯಲ್ಲಿ ಕೂತು ನರಗಳ ಮೇಲೆ ಅದೇನು ಸಂಶೋಧನೆ ಮಾಡಿದ್ರಿ ಸರ್?" ಎಂದು ಕೇಳುತ್ತಾರೆ. ಸಂಶೋಧನೆ ಎಂಬ ಮಾತು ಆಗ ನನ್ನ ಬಾಯಲ್ಲಿ ಇರಲಿಲ್ಲ. ಕಡಿದ ನರ ಮತ್ತೆ ಬೆಳೆಯುತ್ತದೋ ಇಲ್ಲವೋ, ಬೆಳೆದರೆ ಎಷ್ಟು ತಿಂಗಳಿಗೆ ಎಲ್ಲಿಯವರೆಗೆ ಬರುತ್ತದೆ ಎಂಬುದನ್ನು ಹದಿನಾಲ್ಕು ಹದಿನೈದು ವರ್ಷ ಕಂಡಕಂಡವರ ಕೈಕಾಲು ಹಿಡಿದು ನೋಡಿದೆ, ನೋಡಿದ್ದನ್ನು ಬರೆದಿಟ್ಟೆ. ಮಾಡಿದ್ದು ಇಷ್ಟೇ. ಅದು ಶುರುವಾದದ್ದು ನನ್ನದೇ ಒಂದು ತಪ್ಪಿನಿಂದ. ಅದನ್ನೇ ಮೊದಲು ಹೇಳಿಬಿಡುತ್ತೇನೆ.

ಮೂವತ್ತರ ದಶಕದ ನಡುವಿನ ಮಾತು. ಹೈದರಾಬಾದಿನಲ್ಲಿ ಉರ್ದುವಿನಲ್ಲಿ ಡಾಕ್ಟರಿಕೆ ಓದಿ ಬಂದಿದ್ದ ನನ್ನನ್ನು, ಆಗ ನಮ್ಮ ಸೀಮೆಯನ್ನು ಆಳುತ್ತಿದ್ದ ಹೈದರಾಬಾದ್ ಸರಕಾರ ಗಂಗಾವತಿ ದವಾಖಾನೆಗೆ ಹಾಕಿತು. ನನಗೆ ಜೊತೆ ಎಂದರೆ ಕಂಪೌಂಡರ್ ಹುಸೇನಸಾಬರು. ನನಗಿಂತ ಇಪ್ಪತ್ತು ವರ್ಷ ಹಿರಿಯರು. ಕ್ಲೋರೋಫಾರ್ಮ್ ಕೊಡುವುದರಲ್ಲಿ ಅವರ ಕೈ ಬಹಳ ಹದ.

ಭತ್ತದ ಕೊಯ್ಲಿನ ಕಾಲದಲ್ಲಿ ಒಂದು ದಿನ ವಿರೂಪಾಪುರಗಡ್ಡೆಯಿಂದ ಹನುಮವ್ವ ಎಂಬ ಹೆಂಗಸನ್ನು ಹರಿಗೋಲಿನಲ್ಲಿ ಹೊಳೆ ದಾಟಿಸಿ, ಅಲ್ಲಿಂದ ಬಂಡಿಯಲ್ಲಿ ಕರೆತಂದರು. ಎಡಗೈಯಲ್ಲಿ ತೆನೆ ಹಿಡಿದಾಗ ಬಲಗೈಯ ಕುಡುಗೋಲು ಜಾರಿ ಎಡ ಮಣಿಕಟ್ಟಿಗೆ, ಕಿರುಬೆರಳಿನ ಬದಿಗೆ, ಆಳವಾಗಿ ಬಿದ್ದಿತ್ತು. ಗಾಯ ತೊಳೆದು ನೋಡಿದೆ. ಒಳಗೆ ಬೆಳ್ಳಗೆ ದಾರದಂತೆ ಎರಡು ಕಡಿದಿದ್ದವು. ದಪ್ಪನೆಯದು ಬೆರಳು ಮಡಚುವ ಕಂಡರ, ಅಂದರೆ ಸ್ನಾಯುವನ್ನು ಎಲುಬಿಗೆ ಬಿಗಿಯುವ ಹುರಿ, ಎಂದು ಗುರುತಿಸಿ ಹೊಲಿದೆ. ಸಣ್ಣದನ್ನು ಬಿಟ್ಟೆ. ಅದು ಯಾವುದೋ ಪೊರೆಯ ತುಂಡು ಎಂದುಕೊಂಡೆ. ನಮ್ಮ ಜನಕ್ಕೆ ರಕ್ತನಾಳವೂ ನರ, ಕಂಡರವೂ ನರ, ನಿಜವಾದ ನರವೂ ನರ. ನಾನು ಓದಿಬಂದವನಾದರೂ ಅಂದು ನನಗೂ ವ್ಯತ್ಯಾಸ ಕಾಣಲಿಲ್ಲ. ಗಾಯ ಕೀವಾಗದೆ ಚೆನ್ನಾಗಿ ಕೂಡಿತು. ನನಗೆ ಹೆಮ್ಮೆಯೋ ಹೆಮ್ಮೆ.

ಎರಡು ತಿಂಗಳ ಮೇಲೆ ಆಕೆ ತಾನಾಗಿಯೇ ಬಂದಳು. ಕಿರುಬೆರಳೂ ಅದರ ಪಕ್ಕದ ಬೆರಳೂ ಒಳಗೆ ಬಾಗಿಕೊಂಡಿದ್ದವು. ಕಿರುಬೆರಳಿನ ತುದಿ ಸುಟ್ಟು ಕಪ್ಪಾಗಿತ್ತು.

"ಹೆಂಗ ಸುಟ್ಟುಕೊಂಡಿ ತಾಯಿ?" ಎಂದೆ.

"ರೊಟ್ಟಿ ಮಾಡಾಕತ್ತಿದ್ನಿರಿ. ಬಳ್ಳು ಹಂಚಿಗೆ ಹತ್ತಿದ್ದು ತಿಳಿಲೇ ಇಲ್ಲ. ವಾಸನಿ ಬಂದ ಮ್ಯಾಲ ನೋಡೀನಿ, ನಂದ ಬಳ್ಳು!"

ಸೂಜಿಯಿಂದ ಚುಚ್ಚಿದೆ. ಆಕೆ ನನ್ನ ಮುಖ ನೋಡುತ್ತ ಕೂತಿದ್ದಳು. ಕೈ ಬೇರೆ ಯಾರದೋ ಎಂಬಂತಿತ್ತು. ಅಂದು ಬಿಟ್ಟ ಸಣ್ಣ ದಾರ ಯಾವುದು ಎಂದು ಆಗ ತಿಳಿಯಿತು.

ಗಾಯವನ್ನು ಮತ್ತೆ ಬಿಚ್ಚಿ ನರ ಹೊಲಿಯಲು ಅಪ್ಪಣೆ ಕೇಳಿ ಜಿಲ್ಲೆಯ ಸಿವಿಲ್ ಸರ್ಜನ್ ಸಾಹೇಬರಿಗೆ ಬರೆದೆ. ಅವರು ಹೈದರಾಬಾದಿನವರು, ಬಹಳ ಶಿಸ್ತಿನ ಮನುಷ್ಯ, ಒಳ್ಳೆಯ ಶಸ್ತ್ರವೈದ್ಯರೂ ಹೌದು. ಉರ್ದುವಿನಲ್ಲಿ ಎರಡು ಸಾಲಿನ ಉತ್ತರ ಬಂತು. ಕಡಿದ ನರ ಸತ್ತ ನರ, ವಾಸಿಯಾದ ಗಾಯವನ್ನು ಕೆದಕಬೇಡಿ ಎಂದು. ಆಗಿನ ದೊಡ್ಡ ಡಾಕ್ಟರುಗಳಲ್ಲಿ ಅನೇಕರ ಅಭಿಪ್ರಾಯ ಅದೇ ಆಗಿತ್ತು. ನನಗೆ ಮೀರುವ ಧೈರ್ಯವಿರಲಿಲ್ಲ.

ಹನುಮವ್ವನಿಗೆ ಮುಚ್ಚುಮರೆಯಿಲ್ಲದೆ ಹೇಳಿದೆ. "ತಪ್ಪು ನಂದವ್ವ. ಒಂದು ನರ ಹೊಲಿಯೂದು ಬಿಟ್ಟೀನಿ. ಇನ್ನು ಮ್ಯಾಲ ಆ ಬಳ್ಳು ಎಲ್ಲಿ ಐತಿ ಅಂತ ಕಣ್ಣಿಲೆ ನೋಡಿ ಕೆಲಸ ಮಾಡು."

ಆಕೆ ಬೈಯುತ್ತಾಳೆ ಎಂದುಕೊಂಡಿದ್ದೆ. ಬೈಯಲಿಲ್ಲ. "ಹಿಂಗಾದವ್ರೊಳಗ ಯಾರದರ ತಿರುಗಿ ಛಲೋ ಆಗೈತೇನ್ರಿ?" ಎಂದು ಕೇಳಿದಳು.

ಯಾರದಾದರೂ ಸರಿಹೋಗಿದೆಯೇ ಎಂದು ನಾನು ತಿರುಗಿ ನೋಡಿಯೇ ಇರಲಿಲ್ಲ. ಹೊಲಿಗೆ ಬಿಚ್ಚಿದ ದಿನವೇ ರೋಗಿಯ ಹೆಸರು ನಮ್ಮ ಮನಸ್ಸಿನಿಂದ ಹೋಗಿಬಿಡುತ್ತಿತ್ತು.

ಅಂದಿನಿಂದ ರಜೆಯ ದಿನ ಸೈಕಲ್ ಹತ್ತಿದೆ. ದವಾಖಾನೆಯ ಹಳೆಯ ರಿಜಿಸ್ಟರುಗಳಲ್ಲಿ ಕೈ ಕಾಲು ಕಡಿದುಕೊಂಡವರ ಹೆಸರು ಹುಡುಕಿ, ಅವರ ಊರಿಗೇ ಹೋಗುತ್ತಿದ್ದೆ. ಬೇಡವಾದ ಫಾರಂಗಳ ಹಿಂದಿನ ಮಗ್ಗುಲಲ್ಲಿ ರೋಗಿಯ ಕೈ ಇರಿಸಿ ಸುತ್ತ ಪೆನ್ಸಿಲ್ ಆಡಿಸಿದರೆ ಕೈಯ ಚಿತ್ರ ಸಿಗುತ್ತಿತ್ತು. ಸೂಜಿ ಗೊತ್ತಾಗದ ಜಾಗಕ್ಕೆ ನೀಲಿ ಬಣ್ಣ. ಕೆಲವು ತಿಂಗಳು ಬಿಟ್ಟು ಮತ್ತೆ ಹೋಗಿ ಇನ್ನೊಂದು ಚಿತ್ರ. ಬಹಳ ಕೈಗಳಲ್ಲಿ ನೀಲಿ ಇದ್ದಷ್ಟೇ ಇರುತ್ತಿತ್ತು. ಕೆಲವರಲ್ಲಿ ಯಾರೂ ನರ ಹೊಲಿಯದಿದ್ದರೂ ನೀಲಿ ಬೆರಳಿನ ತುದಿಯತ್ತ ಸರಿಯುತ್ತ ಕಡಿಮೆಯಾಗುತ್ತಿತ್ತು. ಅದನ್ನು ಮೊದಲ ಸಲ ಕಂಡಾಗ ಹಳೆಯ ಹಾಳೆಯನ್ನು ಹೊಸದರ ಪಕ್ಕ ಇಟ್ಟು ಮತ್ತೆ ಮತ್ತೆ ನೋಡಿದೆ. ಸತ್ತದ್ದು ಸರಿಯುವುದಿಲ್ಲವಲ್ಲ!

ಈಗಿನವರಿಗೆ ಇಲ್ಲೊಂದು ಮಾತು. ಮೊದಲ ವರ್ಷದ ನನ್ನ ಚಿತ್ರಗಳಲ್ಲಿ ಅರ್ಧಕ್ಕರ್ಧ ಸುಳ್ಳಾಗಿದ್ದವು. "ಗೊತ್ತಾತೇನು?" ಎಂದು ಕೇಳಿದರೆ ನಮ್ಮ ಜನ ಡಾಕ್ಟರ ಮನಸ್ಸು ನೋಯಬಾರದೆಂದು "ಹ್ಞೂಂ ರಿ" ಎನ್ನುತ್ತಾರೆ. ಇದನ್ನು ಹಿಡಿದವರು ಹುಸೇನಸಾಬರು. ಒಬ್ಬ ರೋಗಿಯ ಕಣ್ಣು ಮುಚ್ಚಿಸಿ, ಸೂಜಿ ಮುಟ್ಟಿಸದೆಯೇ "ಈಗ?" ಎಂದರು. "ಹ್ಞೂಂ ರಿ, ಭಾಳ ಛಲೋ ಗೊತ್ತಾತ್ರಿ" ಎಂದ ಆತ. ಹುಸೇನಸಾಬರು ನನ್ನ ಕಡೆ ತಿರುಗಿ, "ಸಾಹೇಬ್ರ, ಇವ್ರು ನಿಮಗ ಬ್ಯಾಸರ ಮಾಡಂಗಿಲ್ಲ ನೋಡ್ರಿ" ಎಂದು ನಕ್ಕರು. ಆ ವರ್ಷದ ಹಾಳೆಗಳನ್ನೆಲ್ಲ ಒಲೆಗೆ ಹಾಕಿ ಮತ್ತೆ ಮೊದಲಿನಿಂದ ಶುರುಮಾಡಿದೆ. ರೋಗಿಯ ಕಣ್ಣು ಮುಚ್ಚಿರಬೇಕು. ನಡುನಡುವೆ ಮುಟ್ಟದೆಯೂ ಕೇಳಬೇಕು. "ಗೊತ್ತಾತೇನು" ಎನ್ನದೆ "ಎಲ್ಲಿ" ಎನ್ನಬೇಕು.

ಹೊಲಿಯುವುದನ್ನೂ ಕಲಿಯಬೇಕಿತ್ತು. ಕಸಾಯಿ ಅಂಗಡಿಯಿಂದ ಮೇಕೆಯ ಕಾಲು ತರಿಸಿ, ನರ ಬಿಡಿಸಿ ಕಡಿದು, ಹೊಲಿದು ಹೊಲಿದು ನೋಡಿದೆ. ಹನುಮವ್ವನ ಕೈಯನ್ನು ಮಾತ್ರ ನನ್ನಿಂದ ಸರಿಮಾಡಲಾಗಲಿಲ್ಲ. ಕಣ್ಣಿನಿಂದ ನೋಡಿ ಕೆಲಸ ಮಾಡುವುದನ್ನು ಆಕೆ ಕಲಿತುಕೊಂಡಳು, ಕೊಯ್ಲಿಗೂ ಹೋದಳು. ಅಷ್ಟು ಸಮಾಧಾನ.

ನಲವತ್ತನೇ ಇಸವಿ ದಾಟಿದ ಮೇಲೆ ನನ್ನನ್ನು ಕುಷ್ಟಗಿಗೆ ವರ್ಗ ಮಾಡಿದರು. ನಾನು ಬೇಡಿಕೊಂಡದ್ದಕ್ಕೆ ಹುಸೇನಸಾಬರೂ ಬಂದರು. ಅಲ್ಲಿಗೆ ಯಲಬುರ್ಗಾ ಕಡೆಯ ಕುರಿಗಾರ ಬೀರಪ್ಪ ಎಂಬಾತ ಒಂದು ಮುಂಜಾನೆ ಟಗರನ್ನು ಹೆಗಲ ಮೇಲೆ ಹೊತ್ತು ಬಂದ. ಕುರಿಗಳಿಗೆ ಸೊಪ್ಪು ಕಡಿಯುವಾಗ ಮರದ ಮೇಲಿನಿಂದ ಕೊಡಲಿ ಜಾರಿ ಟಗರಿನ ತೊಡೆಯ ಮೇಲೆ ಬಿದ್ದಿತ್ತು. ಹಿಂಗಾಲು ಜೋಲುತ್ತಿತ್ತು.

"ಇದು ಮನುಷ್ಯರ ದವಾಖಾನಿ ಐತಪ್ಪಾ," ಎಂದೆ.

"ಗೊತ್ತೈತ್ರಿ. ನೀವು ಕಡದ ನರಾ ಕೂಡಸ್ತೀರಿ ಅಂತ ಕೇಳೀನ್ರಿ. ಮನಶ್ಯಾಗ ಬ್ಯಾರೆ, ಟಗರಿಗೆ ಬ್ಯಾರೆ ನರಾ ಇರತಾವೇನ್ರಿ?"

ಅವನ ಪ್ರಶ್ನೆಯಲ್ಲಿ ತಪ್ಪಿರಲಿಲ್ಲ. ಆದರೆ ಮೇಕೆಯ ಕಾಲಿನ ಸುದ್ದಿ ಹಬ್ಬಿತ್ತಷ್ಟೆ, ಮನುಷ್ಯರ ಮೇಲೆ ನಾನು ಇನ್ನೂ ಧೈರ್ಯ ಮಾಡಿರಲಿಲ್ಲ. ಹುಸೇನಸಾಬರು ತಲೆಯಾಡಿಸಿದರು, ಕ್ಲೋರೋಫಾರ್ಮ್ ಬಾಟಲಿ ತಂದರು. ತೊಡೆಯ ದೊಡ್ಡ ನರ ಪೂರ್ತಿ ಕಡಿದಿತ್ತು. ದವಾಖಾನೆಯಲ್ಲಿದ್ದ ದಾರ ದಪ್ಪ. ಗಂಟುಗಳು ಕಾಳಿನಂತೆ ಕೂತವು. ಆದರೂ ಎರಡು ತುದಿ ಕೂಡಿದವು. ಓಡಾಡಬಾರದೆಂದು ಹಿಂದಿನ ಪಡಸಾಲೆಯಲ್ಲಿ ಕಟ್ಟಿಹಾಕಿದೆವು.

ಹತ್ತನೇ ದಿನ ಸಿವಿಲ್ ಸರ್ಜನ್ ಸಾಹೇಬರು ಮುನ್ಸೂಚನೆಯಿಲ್ಲದೆ ತಪಾಸಣೆಗೆ ಬಂದರು. ಔಷಧಿಯ ಬೀರು, ಹಾಸಿಗೆ, ಎಲ್ಲ ನೋಡಿ ಮೆಚ್ಚಿ, ಹೊರಡಬೇಕು ಎನ್ನುವಾಗ ಹಿಂದಿನಿಂದ ಟಗರು ದೊಡ್ಡದಾಗಿ ಅರಚಿತು. ಸಾಹೇಬರು ನಡೆದು ಹೋಗಿ ಅದರ ಮುಂದೆ ನಿಂತರು. ಉರ್ದುವಿನಲ್ಲಿ ಬಹಳ ಮೆಲ್ಲಗೆ, "ಈ ರೋಗಿಯ ಹೆಸರನ್ನು ರಿಜಿಸ್ಟರಿನಲ್ಲಿ ಏನೆಂದು ಬರೆದಿದ್ದೀರಿ, ಡಾಕ್ಟರ್?" ಎಂದರು.

ಅಲ್ಲೇ ಇದ್ದ ಬೀರಪ್ಪ ಕೈಮುಗಿದು, "ಹೆಸರು ಇನ್ನೂ ಇಟ್ಟಿಲ್ರಿ ಸಾಹೇಬ್ರ, ಕರಿ ಟಗರು ಅಂತ ಬರಕೊಳ್ರಿ" ಎಂದ.

ಸಾಹೇಬರಿಗೆ ಕನ್ನಡ ತಿಳಿಯುತ್ತಿತ್ತು. ನಗಲಿಲ್ಲ. ಪಶುಗಳ ಮೇಲೆ ಅಷ್ಟು ಪ್ರೀತಿಯಿದ್ದರೆ ಆ ಇಲಾಖೆಗೆ ಕಳಿಸಿಕೊಡುತ್ತೇನೆ ಎಂದರು. ಲಿಖಿತ ಜವಾಬು ಕೇಳಿದರು. ಕೊಟ್ಟೆ. ನನ್ನ ಕಡತದಲ್ಲಿ ಆ ಹಾಳೆ ಕೊನೆಯವರೆಗೂ ಇತ್ತು.

ಟಗರನ್ನು ಅಂದೇ ಕಳಿಸಿದೆವು. ಅದು ಬದುಕಿದೆಯೋ ಇಲ್ಲವೋ ತಿಳಿಯಲಿಲ್ಲ. ಎಂಟೊಂಬತ್ತು ತಿಂಗಳಾದ ಮೇಲೆ ಬೀರಪ್ಪನ ಕುರಿಹಟ್ಟಿ ನಮ್ಮ ಊರಿನ ಸಮೀಪ ಬಂದಿದೆ ಎಂದು ಕೇಳಿ ಹೋದೆ. ಕರಿ ಟಗರು ನಾಲ್ಕೂ ಗೊರಸು ನೆಲಕ್ಕೂರಿ ಮೇಯುತ್ತಿತ್ತು. ಸ್ವಲ್ಪ ಕುಂಟು, ಅಷ್ಟೆ. ನಾನು ಹಿಂದೆ ಕೂತು ಆ ಕಾಲಿನ ಗೊರಸಿನ ಅಂಚಿನ ಚರ್ಮಕ್ಕೆ ಸೂಜಿ ಚುಚ್ಚಿದೆ. ಅದು ಝಾಡಿಸಿ ಒದ್ದ ಹೊಡೆತಕ್ಕೆ ನಾನು ಮಾರುದ್ದ ಹಿಂದಕ್ಕೆ ಬಿದ್ದೆ. ಬೀರಪ್ಪ ಹೆದರಿ ಎತ್ತಲು ಓಡಿಬಂದರೆ ನಾನು ನೆಲದ ಮೇಲೆ ಕೂತು ನಗುತ್ತಿದ್ದೆ. ಗೊರಸಿನವರೆಗೆ ನೋವು ತಿಳಿಯುತ್ತಿತ್ತು. ನನ್ನ ಮೊಣಕಾಲು ತಿಂಗಳು ಪೂರ ನೋಯಿತು. ಅಷ್ಟು ಸಂತೋಷದ ನೋವನ್ನು ನಾನು ಮತ್ತೆ ಕಂಡಿಲ್ಲ.

ಗೆಲುವು ತಲೆಗೇರಿತು ಎಂಬುದನ್ನೂ ಹೇಳಬೇಕು. ಹುಲಿಹೈದರದಿಂದ ಒಬ್ಬ ರೈತ ಮರಗಟ್ಟಿದ ಕೈ ತೋರಿಸಲು ಬಂದ. ಗಾಯದ ಗುರುತೇ ಇರಲಿಲ್ಲ. ಒಳಗೆ ಎಲ್ಲೋ ನರ ಹರಿದಿರಬೇಕೆಂದು ಮೊಣಕೈ ಬಿಚ್ಚಿದೆ. ನರ ಹರಿದಿರಲಿಲ್ಲ, ಹಗ್ಗದಂತೆ ಊದಿತ್ತು. ಅದು ಕುಷ್ಠ. ಬೆನ್ನಿನ ಮೇಲಿನ ಮಚ್ಚೆಯನ್ನು ಅಂಗಿ ಬಿಚ್ಚಿಸಿ ನೋಡಿದ್ದರೆ ಕತ್ತಿ ಹಿಡಿಯುವ ಮೊದಲೇ ತಿಳಿಯುತ್ತಿತ್ತು. ಆತನಿಗೆ ಬೇಡದ ಗಾಯ ಮಾಡಿ ಎರಡು ತಿಂಗಳು ಆರೈಕೆ ಮಾಡಬೇಕಾಯಿತು. ಹೊಸಬರೇ, ರೋಗಿಯ ಅಂಗಿ ಬಿಚ್ಚಿಸಿ ನೋಡಿ.

ಎರಡನೇ ಮಹಾಯುದ್ಧ ಮುಗಿದು ಒಂದು ವರ್ಷವಾಗಿರಬಹುದು. ಹನುಮಸಾಗರದ ನೇಕಾರ ಸಂಗಪ್ಪನನ್ನು ಅವನ ಹೆಂಡತಿ ಗೌರವ್ವ ಬಂಡಿಯಲ್ಲಿ ಕರೆತಂದಳು. ಮಗ್ಗದ ಮನೆಯ ಮೇಲೆ ತಗಡು ಹೊದಿಸುವಾಗ ತಗಡು ಜಾರಿ ಬಲ ಮಣಿಕಟ್ಟನ್ನು ಕೊಯ್ದಿತ್ತು. ವಯಸ್ಸು ಇಪ್ಪತ್ತೈದರ ಒಳಗೆ. ಹೆಬ್ಬೆರಳು, ತೋರುಬೆರಳು, ನಡುಬೆರಳಿನಲ್ಲಿ ಸ್ಪರ್ಶವೇ ಇರಲಿಲ್ಲ. ನೂಲು ಹಿಡಿಯುವ ಬೆರಳುಗಳು ಅವೇ.

"ಎಳಿ ಹರದ್ರ ಇದ ಬಳ್ಳಿಲೆ ಹುಡಿಕಿ ಗಂಟ ಹಾಕ್ತೀನ್ರಿ," ಎಂದ ಸಂಗಪ್ಪ. "ಮಗ್ಗ ಬಿಟ್ರ ಮತ್ತೊಂದು ಕಸಬು ನನಗ ಬರಂಗಿಲ್ರಿ ಸಾಹೇಬ್ರ."

ಈ ಸಲ ಅಪ್ಪಣೆ ಕೇಳಿ ಯಾರಿಗೂ ಬರೆಯಲಿಲ್ಲ. ಕೊಪ್ಪಳದ ಗಡಿಯಾರ ರಿಪೇರಿಯವನಿಂದ ಕೊಂಡಿದ್ದ ಒಂಟಿಕಣ್ಣಿನ ಭೂತಗನ್ನಡಿ ಹಾಕಿಕೊಂಡೆ. ಆದರೆ ದಾರ ಅದೇ ದಪ್ಪ ದಾರ. ಟಗರಿನ ನರದ ಮೇಲೆ ಕೂತಿದ್ದ ಗಂಟುಗಳು ಕಣ್ಣಮುಂದೆ ಬಂದವು. ಹುಸೇನಸಾಬರು ಪೇಟೆಯ ನೂಲಿನ ಅಂಗಡಿಗೆ ಓಡಿ ಹುರಿಮಾಡದ ರೇಷ್ಮೆ ತಂದರು. ಅದರಿಂದ ಎಳೆ ಬಿಡಿಸಲು ನನಗೂ ಬರಲಿಲ್ಲ, ಅವರಿಗೂ ಬರಲಿಲ್ಲ.

ಬಾಗಿಲಲ್ಲಿ ನಿಂತಿದ್ದ ಗೌರವ್ವ, "ಇಲ್ಲಿ ಕೊಡ್ರಿ" ಎಂದು ಕೈ ಚಾಚಿದಳು. ಅಳು ಇನ್ನೂ ನಿಂತಿರಲಿಲ್ಲ. ಉಗುರಿನಿಂದ ರೇಷ್ಮೆಯ ತುದಿ ಬಿಡಿಸಿ, ಹಲ್ಲಿನಲ್ಲಿ ಹಿಡಿದು, ಕಣ್ಣಿಗೆ ಕಾಣಿಸದಷ್ಟು ಸಣ್ಣ ಎಳೆಯನ್ನು ಹರಿಯದಂತೆ ಎಳೆದಳು. "ಇಷ್ಟು ಸಣ್ಣದು ಸಾಕೇನ್ರಿ, ಇನ್ನೂ ಬೇಕೇನ್ರಿ?" ಎಂದಳು. ಅದನ್ನು ಕುದಿಸಿ, ನರದ ಹೊರಪೊರೆಗೆ ಮಾತ್ರ ತಾಗುವಂತೆ ಸುತ್ತಲೂ ಹೊಲಿದೆ. ಮಣಿಕಟ್ಟು ಬಾಗಿಸಿ ಪಟ್ಟಿ ಕಟ್ಟಿ ಮೂರು ವಾರ ಇಟ್ಟೆ.

ಆಮೇಲಿನದು ಕಾಯುವ ಕೆಲಸ. ತಿಂಗಳಿಗೊಮ್ಮೆ ಸಂಗಪ್ಪ ಬರುತ್ತಿದ್ದ. ಬೆಳೆಯುವ ನರದ ತುದಿ ಎಲ್ಲಿದೆಯೋ ಅಲ್ಲಿ ಬೆರಳಿನಿಂದ ತಟ್ಟಿದರೆ ಮುಂದಿನ ಬೆರಳುಗಳಲ್ಲಿ ಜುಮ್ಮೆನ್ನುತ್ತದೆ ಎಂದು ಪುಸ್ತಕದಲ್ಲಿ ಒಂದು ಸಾಲು ಓದಿದ್ದೆ. ಮೊದಲ ತಿಂಗಳು ತಟ್ಟಿದರೆ ಹೊಲಿಗೆಯ ಹತ್ತಿರವೇ ಜುಮ್ಮೆಂದಿತು. ಮರುತಿಂಗಳು ಒಂದು ಬೆರಳಗಲ ಮುಂದೆ. ಅದರ ಮರುತಿಂಗಳು ಅಂಗೈಯಲ್ಲಿ.

"ಝುಂ ಅಂತೈತ್ರಿ! ಇರುವಿ ಹರದಂಗ ಆಗತೈತ್ರಿ!" ಎಂದು ಆತ ಕೂಗಿದ. ಹುಸೇನಸಾಬರು ಮಾಮೂಲಿನಂತೆ ಮುಟ್ಟದೆಯೇ "ಈಗ?" ಎಂದರು. "ಈಗ ಏನೂ ಇಲ್ರಿ. ನೀವು ಮುಟ್ಟೇ ಇಲ್ಲ" ಎಂದ. ನಾವಿಬ್ಬರೂ ಮುಖಮುಖ ನೋಡಿಕೊಂಡೆವು.

ಅಷ್ಟರಲ್ಲಿ ನಮ್ಮ ಸೀಮೆಯಲ್ಲಿ, ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಬೇಕೋ ಬೇಡವೋ ಎಂಬ ಗಲಾಟೆಯ ದಿನಗಳು ಬಂದವು. ಹಳ್ಳಿಗಳಲ್ಲಿ ಹೆದರಿಕೆ ಹಬ್ಬಿತು. ಗಡಿಯಂಚಿನ ಜನ ಗಂಟುಮೂಟೆ ಕಟ್ಟಿ ಮುಂಬಯಿ ಪ್ರಾಂತ್ಯದ ಕಡೆ ಹೊರಟರು. ಸಂಗಪ್ಪ, ಗೌರವ್ವರೂ ಹೋದರೆಂದು ಯಾರೋ ಹೇಳಿದರು. ಅವನ ಹಾಳೆಯಲ್ಲಿ ನೀಲಿ ಬೆರಳಿನ ಬುಡದವರೆಗೆ ಸರಿದಿತ್ತು. ಅಲ್ಲಿಗೆ ನಿಂತಿತು. ಒಂದು ವರ್ಷದ ಮೇಲಾದರೂ ಸುದ್ದಿಯಿಲ್ಲ. ಕೈ ಏನಾಯಿತೋ ಎನ್ನುವ ಚಿಂತೆ ಹೋಗಿ, ಮನುಷ್ಯರು ಇದ್ದಾರೋ ಇಲ್ಲವೋ ಎನ್ನುವ ಚಿಂತೆಯಾಯಿತು. ಹುಸೇನಸಾಬರು ಆ ಹಾಳೆಯನ್ನು ಮಾತ್ರ ಕಟ್ಟಿನೊಳಗೆ ಸೇರಿಸಲು ಬಿಡಲಿಲ್ಲ. "ಮ್ಯಾಲ ಇರ್ಲಿ ಸಾಹೇಬ್ರ. ಬರತಾನ" ಎನ್ನುತ್ತಿದ್ದರು.

ಸಂಸ್ಥಾನ ಭಾರತಕ್ಕೆ ಸೇರಿತು, ಜಹಗೀರುಗಳು ಹೋದವು, ನನ್ನನ್ನೂ ಹುಸೇನಸಾಬರನ್ನೂ ಕೊಪ್ಪಳಕ್ಕೆ ಹಾಕಿದರು. ಒಂದು ದಿನ ಹೊರರೋಗಿಗಳ ಸಾಲಿನಲ್ಲಿ ಸಂಗಪ್ಪ ನಿಂತಿದ್ದ. ಹಿಂದೆ ಗೌರವ್ವ, ಕಂಕುಳಲ್ಲಿ ಕೂಸು.

"ಗಡಿ ಆಚಿ ಸೋದರಮಾವನ ಮಗ್ಗದಾಗ ಕುಂತಿದ್ನಿರಿ. ಮೊದಲ ಭಾಳ ಎಳಿ ಹರೀತಿದ್ವು. ಈಗ ನನ್ನ ಮಗ್ಗ ತಿರುಗಿ ಹೂಡೀನ್ರಿ," ಎಂದ. ಹುಸೇನಸಾಬರು ಗೋಡೆಯ ಕಡೆ ತಿರುಗಿ ಕನ್ನಡಕ ಒರೆಸಿಕೊಂಡರು.

ಅಂದೇ ಅದೇ ಹಳೆಯ ಸಿವಿಲ್ ಸರ್ಜನ್ ಸಾಹೇಬರು ತಪಾಸಣೆಗೆ ಬಂದಿದ್ದರು. ಗಡ್ಡ ಪೂರ್ತಿ ನರೆತಿತ್ತು. ಅದೇ ತಿಂಗಳ ಕೊನೆಗೆ ನಿವೃತ್ತಿ. ನಾನು ತಡೆಯಲಾರದೆ ಸಂಗಪ್ಪನ ಹಾಳೆಗಳನ್ನು ಅವರ ಮುಂದೆ ಸಾಲಾಗಿ ಹರಡಿದೆ. ಅವರು ಬಹಳ ಹೊತ್ತು ನೋಡಿ, "ಕಾಗದ ಏನು ಬೇಕಾದರೂ ಹೇಳುತ್ತದೆ" ಎಂದರು. ಸಂಗಪ್ಪನನ್ನು ಕೂರಿಸಿ, ಕರವಸ್ತ್ರದಿಂದ ಅವನ ಕಣ್ಣು ತಾವೇ ಕಟ್ಟಿದರು.

ಗೌರವ್ವ ಸೆರಗಿನಂಚಿನಿಂದ ಎಳೆದುಕೊಟ್ಟ ಒಂದು ಎಳೆಯನ್ನು ಅವನ ಬಲಗೈ ಬೆರಳ ನಡುವೆ ಇಟ್ಟರು. ಸಂಗಪ್ಪ ಹೆಬ್ಬೆರಳು ತೋರುಬೆರಳು ಉಜ್ಜಿ, "ಹತ್ತಿ ನೂಲ್ರಿ" ಎಂದ. ಬೀರುವಿನಲ್ಲಿದ್ದ ಹೊಲಿಗೆಯ ರೇಷ್ಮೆ ಕೊಟ್ಟರು. "ರೇಷ್ಮಿರಿ." ಅದೇ ರೇಷ್ಮೆಯನ್ನು ಎರಡೆಳೆ ಹುರಿಮಾಡಿ ಕೊಟ್ಟರು. ಬಹಳ ಹೊತ್ತು ಉಜ್ಜಿದ. "ಇದು ತಿಳಿವಲ್ದುರಿ. ಮೊದಲ ಆಗಿದ್ರ ತಿಳೀತಿತ್ತು" ಎಂದ. ಸಾಹೇಬರು ತಮ್ಮ ಗಡ್ಡದಿಂದ ಒಂದು ಕೂದಲು ಕಿತ್ತು ಅವನ ಬೆರಳಿಗೆ ಕೊಟ್ಟರು.

ಸಂಗಪ್ಪ ಉಜ್ಜಿದ, ನಿಲ್ಲಿಸಿದ, ಮತ್ತೆ ಉಜ್ಜಿದ. ಹುಬ್ಬು ಗಂಟಿಕ್ಕಿದ. "ಸಾಹೇಬ್ರ, ಸಿಟ್ಟಾಗಬ್ಯಾಡ್ರಿ. ಇದು ನೂಲ ಅಲ್ರಿ. ಯಾರದೋ ಕೂದಲ ಐತ್ರಿ."

ಸಾಹೇಬರು ಕರವಸ್ತ್ರ ಬಿಚ್ಚಿದರು. ಅವನ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದು ಮಣಿಕಟ್ಟಿನ ಗೀರನ್ನು ನೋಡುತ್ತ ಕೂತರು. "ಎಷ್ಟು ಜನಕ್ಕೆ ಮನೆಗೆ ಹೋಗಿ ಎಂದೆ," ಎಂದರು. ನನಗೆ ಹೇಳಿದರೋ ತಮಗೇ ಹೇಳಿಕೊಂಡರೋ ತಿಳಿಯಲಿಲ್ಲ. "ಒಬ್ಬರನ್ನೂ ತಿರುಗಿ ಕರೆಸಿ ನೋಡಲಿಲ್ಲ."

ಆ ಮಧ್ಯಾಹ್ನವೇ ಗಿಣಿಗೇರಾದಿಂದ ಒಬ್ಬ ಕಲ್ಲುಕುಟಿಗನನ್ನು ತಂದರು. ಉಳಿ ಜಾರಿ ಎಡ ಮಣಿಕಟ್ಟಿನ ನರ ಕಡಿದಿತ್ತು. ನಾನು ಉಪಕರಣಗಳನ್ನು ಸಾಹೇಬರ ಮುಂದೆ ಸರಿಸಿದೆ. ಅವರು ಅಂಗಿಯ ತೋಳು ಮೇಲಕ್ಕೆ ಮಡಚಿಕೊಂಡರು. ಆದರೆ ಕತ್ತಿ ಮುಟ್ಟಲಿಲ್ಲ. "ನೀವು ಹೊಲಿಯಿರಿ. ನಾನು ಗಾಯ ಹಿಡಿದುಕೊಳ್ಳುತ್ತೇನೆ. ನನಗೆ ಕಾಣುವ ಹಾಗೆ ಹೊಲಿಯಿರಿ" ಎಂದರು. ಹುಸೇನಸಾಬರು ಕ್ಲೋರೋಫಾರ್ಮ್ ಕೊಟ್ಟರು. ಒಂದು ಗಂಟೆಗೂ ಹೆಚ್ಚು ಹೊತ್ತು ಸಾಹೇಬರು ಅಲುಗಾಡದೆ ನಿಂತಿದ್ದರು.

ಹೊರಡುವಾಗ ಒಂದು ಚೀಟಿಯ ಮೇಲೆ ತಮ್ಮ ಮನೆಯ ವಿಳಾಸ ಬರೆದುಕೊಟ್ಟರು. "ಆರು ತಿಂಗಳಿಗೆ ನನಗೊಂದು ಕಾರ್ಡು ಹಾಕಿ. ಅಷ್ಟರಲ್ಲಿ ನಾನು ನೌಕರಿಯಲ್ಲಿ ಇರುವುದಿಲ್ಲ, ಆದರೂ ಹಾಕಿ."

ಆರು ತಿಂಗಳಿಗೆ ಕಲ್ಲುಕುಟಿಗ ಬಂದ. ಕಣ್ಣು ಮುಚ್ಚಿಸಿ, ಮುಟ್ಟಿಯೂ ಮುಟ್ಟದೆಯೂ ಕೇಳಿ, ಖಾತರಿ ಮಾಡಿಕೊಂಡು ಕಾರ್ಡು ಬರೆದೆ: ರೋಗಿಗೆ ಅಂಗೈಯಲ್ಲಿ ಸೂಜಿ ತಿಳಿಯುತ್ತಿದೆ, ಬೆರಳುಗಳತ್ತ ಮುಂದುವರಿದಿದೆ. ಮರುಟಪಾಲಿಗೇ ಉತ್ತರ ಬಂತು. ಅಭಿನಂದನೆಯಿಲ್ಲ, ಕುಶಲ ಪ್ರಶ್ನೆಯಿಲ್ಲ. ನಡುಗುವ ಉರ್ದು ಅಕ್ಷರಗಳಲ್ಲಿ ಒಂದೇ ಸಾಲು: "ಸರಿಯಾಗಿ ಎಲ್ಲಿಯವರೆಗೆ? ಚಿತ್ರ ಕಳಿಸಿ."